ಗತವುಂಟು, ಚರಿತ್ರೆಯಿಲ್ಲ: ‘ಸ್ಕೈರಿಮ್’ ಆಟದ ಒಂದು ವಿಮರ್ಶೆ

‘ದಿ ಎಲ್ಡರ್ ಸ್ಕ್ರೋಲ್ಸ್’ ಎಂಬ ವಿಡಿಯೊ ಆಟಗಳ ಮಾಲಿಕೆಯಲ್ಲಿ ಐದನೆಯದಾದ ‘ಸ್ಕೈರಿಮ್’ ಪ್ರಕಟವಾದದ್ದು 2011ರ ನವೆಂಬರ್ 11ರಂದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿರುವ ಬೆಥೆಸ್ಡ ಗೇಮ್ ಸ್ಟುಡಿಯೋಸ್ ಎಂಬ ಸಂಸ್ಥೆಯು ಟಾಡ್ ಹೊವಾರ್ಡ್ ಅವರ ನಿರ್ದೇಶನದಲ್ಲಿ ಇದನ್ನು ನಿರ್ಮಿಸಿತು. ಅನಂತರ 2016ರಲ್ಲಿ ಒಮ್ಮೆ, 2017ರಲ್ಲಿ ಬೇರೆ ಯಂತ್ರಗಳಿಗಾಗಿ ಮತ್ತೊಮ್ಮೆ, 2021ರಲ್ಲಿ ಹತ್ತನೆಯ ವರ್ಷದ ನೆನಪಿಗಾಗಿ ಮಗುದೊಮ್ಮೆ ಇದು ಹೊಸ ರೂಪಗಳಲ್ಲಿ ಹೊರಬಂದಿತು. ಆರು ಕೋಟಿಗೂ ಮಿಗಿಲಾಗಿ ಪ್ರತಿಗಳು ಮಾರಾಟವಾಗಿವೆಯೆಂದು 2023ರಲ್ಲಿ ಹೊವಾರ್ಡ್ ಅವರೇ ತಿಳಿಸಿದರು. ಇಷ್ಟು ಜನಪ್ರಿಯವಾದ ಕೃತಿಯನ್ನು ಕುರಿತು ದೋಷವಿಚಾರಕ್ಕೆ ತೊಡಗುವುದು ಹುಂಬತನವೆಂದು ಕೆಲವರಿಗೆ ತೋರಬಹುದು. ಆದರೆ ಇದೇ ಆಟವನ್ನು ಬಹು ಆಸಕ್ತಿಯಿಂದ ಕೈಗೆತ್ತಿಕೊಂಡು, ಹತ್ತು ಹದಿನೈದು ಗಂಟೆಗಳಾದ ಬಳಿಕ ಏನೋ ಒಂದು ಶೂನ್ಯಭಾವದಿಂದ ಬದಿಗಿಟ್ಟವರೂ ಇದ್ದಾರೆ. ನಮ್ಮ ವಿದ್ಯಾರ್ಥಿಗಳಲ್ಲಿಯೇ ಅಂತಹವರನ್ನು ನಾವು ಕಂಡಿದ್ದೇವೆ. ಅವರಿಗೆ ತಾಳ್ಮೆ ಸಾಲದು, ಕಲ್ಪನಾಶಕ್ತಿ ಸಾಲದು ಎಂದು ಅಭಿಮಾನಿಗಳು ಹೇಳುವುದುಂಟು. ಈ ತೀರ್ಮಾನ ಅವಸರದ್ದೆಂದೂ, ಅವರ ಬೇಸರಕ್ಕೆ ಆಟದ ರಚನೆಯಲ್ಲಿಯೇ ಬಲವಾದ ಕಾರಣವುಂಟೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಬಗೆಯ ಆಟಗಳ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಇವನ್ನು ಪಾತ್ರಧಾರಣೆಯ ಆಟಗಳೆನ್ನುತ್ತಾರೆ. ಆಟಗಾರನು ಒಂದು ಕಲ್ಪಿತ ವ್ಯಕ್ತಿಯ ವೇಷವನ್ನು ತೊಟ್ಟು, ಕಲ್ಪಿತ ನಾಡೊಂದರಲ್ಲಿ ಸಂಚರಿಸುತ್ತ, ಅಲ್ಲಿಯವರೊಡನೆ ಮಾತನಾಡಿ, ಹೋರಾಡಿ, ಅವರು ಒಪ್ಪಿಸಿದ ಕಾರ್ಯಗಳನ್ನು ನೆರವೇರಿಸುತ್ತ ಬಲಗೊಳ್ಳುತ್ತಾನೆ. ನಾಟಕದಲ್ಲಿ ನಟನೇ ಬೇರೆ, ಪ್ರೇಕ್ಷಕನೇ ಬೇರೆ. ಇಲ್ಲಿ ಇಬ್ಬರೂ ಒಬ್ಬನೇ. ಸ್ಕೈರಿಮ್ ಎಂಬುದು ಟ್ಯಾಮ್ರಿಯಲ್ ಎಂಬ ಕಲ್ಪಿತ ಭೂಖಂಡದ ಉತ್ತರ ಭಾಗದಲ್ಲಿರುವ ಹಿಮದ ನಾಡು, ನಾರ್ಡ್ ಎಂಬ ಜನಾಂಗದ ನೆಲೆ. ಅಲ್ಲಿ ಅಂತರ್ಯುದ್ಧ ನಡೆದಿದೆ. ವಿಂಡ್‌ಹೆಲ್ಮ್ ನಗರದ ಮಾಂಡಲಿಕನಾದ ಉಲ್ಫ್ರಿಕ್ ಸ್ಟಾರ್ಮ್‌ಕ್ಲೋಕ್ ಎಂಬವನು ನಾಡಿನ ಹಿರಿಯರಸ ಟೋರಿಗ್‌ನನ್ನು ದ್ವಂದ್ವಯುದ್ಧದಲ್ಲಿ ಕೊಂದು ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದಿದ್ದಾನೆ. ಇದೇ ಸಮಯದಲ್ಲಿ, ಅಳಿದುಹೋದುವೆಂದು ಜನ ನಂಬಿದ್ದ ಡ್ರ್ಯಾಗನ್‌ಗಳು ಮರಳಿ ಬಂದಿವೆ. ಬಂಡಿಯಲ್ಲಿ ಕೈಕಟ್ಟಿಸಿಕೊಂಡು ಮರಣದಂಡನೆಗೆ ಸಾಗುತ್ತಿರುವ ಸೆರೆಯಾಳಾಗಿ ಆಟಗಾರನ ಪ್ರವೇಶ. ಆಲ್ಡುಯಿನ್ ಎಂಬ ಡ್ರ್ಯಾಗನ್ ಬಂದೆರಗುವುದರಿಂದ ಅವನ ತಲೆ ಉಳಿಯುತ್ತದೆ. ಅಲ್ಲಿಂದ ಮುಂದೆ ಅವನು ಎತ್ತ ಬೇಕಾದರೂ ಹೋಗಬಹುದು, ಏನನ್ನು ಬೇಕಾದರೂ ಮಾಡಬಹುದು.

ಬೇಸರಗೊಂಡವರು ಸಾಮಾನ್ಯವಾಗಿ ಹೇಳುವ ಕಾರಣಗಳು ಕೆಲವು. ಕತ್ತಿಕಾಳಗ ಒರಟಾಗಿದೆ, ಬೀಸಿದ ಕತ್ತಿಗೆ ತೂಕವಿಲ್ಲ ಎಂಬುದೊಂದು. ಗವಿಗಳೂ ಸಮಾಧಿಗಳೂ ಒಂದರಂತೆ ಒಂದಿವೆ ಎಂಬುದಿನ್ನೊಂದು. ಇವೆರಡೂ ನಿಜವೇ, ಆದರೆ ಇವನ್ನು ಹಿಡಿದು ಹೆಚ್ಚು ಹೊತ್ತು ಜಗ್ಗಬೇಕಾಗಿಲ್ಲ. ಇದಕ್ಕಿಂತ ಒರಟು ಕಾಳಗವಿರುವ ಆಟಗಳಲ್ಲಿ ಇದೇ ಜನ ತನ್ಮಯರಾಗಿರುವುದುಂಟು. ಸ್ವಾತಂತ್ರ್ಯ ಅತಿಯಾಯಿತು, ಎಲ್ಲಿಗೆ ಹೋಗಬೇಕೆಂದೇ ತಿಳಿಯದು ಎಂಬ ಮೂರನೆಯ ಆಕ್ಷೇಪಣೆ ಸತ್ಯಕ್ಕೆ ಸ್ವಲ್ಪ ಹತ್ತಿರವಾದದ್ದು. ಆದರೆ ಅದೂ ಪೂರ್ಣಸತ್ಯವಲ್ಲ. ತೆರೆಯ ಮೇಲೆ ದಿಕ್ಸೂಚಿಯೊಂದು ಸದಾ ದಾರಿ ತೋರುತ್ತಲೇ ಇರುತ್ತದೆ. ದಾರಿ ತಪ್ಪುವುದೇ ಕಷ್ಟ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಆಟಗಾರ ನಿಲ್ಲುವುದಿಲ್ಲ. ಹೋದುದರಿಂದ ಏನಾಯಿತೆಂದು ತಿಳಿಯದೆ ನಿಲ್ಲುತ್ತಾನೆ.

ಚರಿತ್ರೆಯ ಅಧ್ಯಾಪಕರಾದ ನಮಗೆ ಇಲ್ಲಿ ಒಂದು ಭೇದ ಮುಖ್ಯವಾಗಿ ತೋರುತ್ತದೆ. ಗತವೇ ಬೇರೆ, ಚರಿತ್ರೆಯೇ ಬೇರೆ. ಆಗಿಹೋದ ಸಂಗತಿಗಳ ರಾಶಿ ಗತ. ಒಂದು ಸಂಗತಿ ಇನ್ನೊಂದಕ್ಕೆ ಕಾರಣವಾಗಿ, ಅದು ಮತ್ತೊಂದನ್ನು ಅಸಾಧ್ಯಗೊಳಿಸಿ, ಹೀಗೆ ಸಂಗತಿಗಳ ನಡುವೆ ಏರ್ಪಡುವ ಸಂಬಂಧ ಚರಿತ್ರೆ. ಸ್ಕೈರಿಮ್ ನಾಡಿಗೆ ಹೇರಳವಾದ ಗತವುಂಟು. ಆಟಗಾರನು ಕಾಲಿಟ್ಟ ಗಳಿಗೆಯಿಂದ ಅದರ ಚರಿತ್ರೆ ನಿಂತುಹೋಗುತ್ತದೆ. ಚರಿತ್ರೆಯನ್ನು ಅರಸಿ ಬಂದವನು ಇಲ್ಲಿ ವಸ್ತುಸಂಗ್ರಹಾಲಯವನ್ನು ಕಾಣುತ್ತಾನೆ.

ಮೊದಲು ಆ ಗತದ ಶ್ರೀಮಂತಿಕೆಯನ್ನು ಮೆಚ್ಚಬೇಕು. ಆಟದ ಕಾಲಗಣನೆಯಂತೆ ಕತೆ ನಡೆಯುವುದು ನಾಲ್ಕನೆಯ ಯುಗದ 201ನೆಯ ವರ್ಷದಲ್ಲಿ. ಅದಕ್ಕೆ ಮೂವತ್ತು ವರ್ಷ ಹಿಂದೆ, 171ರಿಂದ 175ರವರೆಗೆ, ಥಾಲ್ಮೋರ್ ಎಂಬ ಎಲ್ಫ್ ಜನಾಂಗದ ಆಡಳಿತಕ್ಕೂ ಸಾಮ್ರಾಜ್ಯಕ್ಕೂ ಮಹಾಯುದ್ಧ ನಡೆಯಿತು. ಬಳಲಿದ ಸಾಮ್ರಾಜ್ಯ ಒಪ್ಪಿದ ಕೌಲಿನಲ್ಲಿ, ಮನುಷ್ಯನಾಗಿದ್ದು ದೇವರಾದ ಟ್ಯಾಲೋಸ್‌ನ ಪೂಜೆಯನ್ನು ನಿಷೇಧಿಸಬೇಕೆಂಬ ಷರತ್ತಿತ್ತು. ನಾರ್ಡ್ ಜನರಿಗೆ ಟ್ಯಾಲೋಸ್ ಕುಲದೈವಕ್ಕೆ ಸಮಾನ. 176ರಲ್ಲಿ ಉಲ್ಫ್ರಿಕ್ ಮಾರ್ಕಾರ್ತ್ ನಗರವನ್ನು ಬೆಟ್ಟದ ಬಂಡಾಯಗಾರರಿಂದ ಬಿಡಿಸಿಕೊಟ್ಟು, ಅದಕ್ಕೆ ಪ್ರತಿಯಾಗಿ ಪೂಜಾಸ್ವಾತಂತ್ರ್ಯದ ಭರವಸೆ ಪಡೆದ. ಥಾಲ್ಮೋರ್ ಒತ್ತಡ ಬಂದಾಗ ಭರವಸೆ ಮುರಿಯಿತು, ಅವನು ಸೆರೆಮನೆ ಸೇರಿದ. ದಂಗೆಯ ಬೇರು ಇಲ್ಲಿದೆ. ಅಂಗಡಿಗಳಲ್ಲಿಯೂ ಮನೆಗಳಲ್ಲಿಯೂ ದೊರೆಯುವ ಪುಸ್ತಕಗಳಲ್ಲಿ ಈ ಸಂಗತಿಗಳು ಚದುರಿಕೊಂಡಿವೆ. ಅವುಗಳಲ್ಲೊಂದು ಮಾರ್ಕಾರ್ತ್ ಕಾಳಗವನ್ನು ಸಾಮ್ರಾಜ್ಯದ ಪಕ್ಷಪಾತಿಯಾದ ವಿದ್ವಾಂಸನೊಬ್ಬನ ಕಣ್ಣಿನಿಂದ ನೋಡಿ, ಶರಣಾದವರನ್ನೂ ಉಲ್ಫ್ರಿಕ್ ಕೊಲ್ಲಿಸಿದನೆಂದು ದೂರುತ್ತದೆ. ಉಲ್ಫ್ರಿಕ್‌ನ ಅನುಯಾಯಿಗಳು ಹೇಳುವ ಕತೆ ಬೇರೆ. ಪರಸ್ಪರ ವಿರುದ್ಧವಾದ ಆಕರಗಳನ್ನು ಹೀಗೆ ಎದುರುಬದುರು ಇಟ್ಟಿರುವುದು ಸಾಮಾನ್ಯ ಲೇಖಕರ ಕೆಲಸವಲ್ಲ.

ದೊಡ್ಡ ಸಂಗತಿಗಳಲ್ಲಿ ಮಾತ್ರವಲ್ಲ, ಸಣ್ಣದರಲ್ಲಿಯೂ ಈ ಕೌಶಲ ಕಾಣುತ್ತದೆ. ಕಾಡಿನ ದಾರಿಯಲ್ಲಿ ಮೀಕೊ ಎಂಬ ನಾಯಿಯೊಂದು ಎದುರಾಗುತ್ತದೆ. ಅದರ ಹಿಂದೆ ನಡೆದರೆ ಒಂದು ಗುಡಿಸಲು. ಒಳಗೆ ಹಾಸಿಗೆಯ ಮೇಲೆ ಯಜಮಾನನ ಶವ, ಬಳಿಯಲ್ಲಿ ಅವನ ದಿನಚರಿ. ಯಾರೂ ಏನನ್ನೂ ವಿವರಿಸುವುದಿಲ್ಲ. ಈ ಆಟದಲ್ಲಿ ಕರುಣರಸ ನೆಲೆಗೊಂಡಿರುವ ಕೆಲವೇ ಸ್ಥಳಗಳಲ್ಲಿ ಇದೊಂದು ಎಂದು ನಾವು ಭಾವಿಸುತ್ತೇವೆ. ಆದರೆ ಇಲ್ಲಿಯೂ ಗಮನಿಸಬೇಕು: ಯಜಮಾನ ಸತ್ತದ್ದು ನಾವು ಬರುವ ಮುನ್ನ. ಈ ನಾಡಿನಲ್ಲಿ ಮನಮುಟ್ಟುವುದೆಲ್ಲ ಮುಗಿದುಹೋದುದೇ.

ನಮ್ಮ ವಾದಕ್ಕೆ ಅತ್ಯಂತ ಬಲವಾದ ಉದಾಹರಣೆ ಒಂದು ಕಾಗದ. ಮುಖ್ಯ ಕಥೆಯ ನಡುವೆ ಆಟಗಾರನು ಔತಣದ ನೆಪದಲ್ಲಿ ಥಾಲ್ಮೋರ್ ರಾಯಭಾರ ಕಚೇರಿಯೊಳಕ್ಕೆ ನುಸುಳಬೇಕಾಗುತ್ತದೆ. ಅಲ್ಲಿ ಉಲ್ಫ್ರಿಕ್‌ಗೆ ಸಂಬಂಧಿಸಿದ ಒಂದು ಗುಪ್ತ ಕಡತ ದೊರೆಯುತ್ತದೆ. ಮಹಾಯುದ್ಧದಲ್ಲಿ ಅವನು ಥಾಲ್ಮೋರ್ ಕೈಗೆ ಸೆರೆಸಿಕ್ಕಿದ್ದನೆಂದೂ, ರಾಜಧಾನಿ ಬಿದ್ದದ್ದು ತಾನು ಬಾಯಿಬಿಟ್ಟ ಗುಟ್ಟಿನಿಂದಲೇ ಎಂದು ಅವನನ್ನು ಸುಳ್ಳಾಗಿ ನಂಬಿಸಿ, ಬಳಿಕ ತಪ್ಪಿಸಿಕೊಳ್ಳಲು ಬಿಟ್ಟರೆಂದೂ ಅದರಲ್ಲಿದೆ. ಈ ಅಂತರ್ಯುದ್ಧ ಲಂಬಿಸುವುದೇ ಥಾಲ್ಮೋರ್‌ಗೆ ಲಾಭ, ದಂಗೆಕೋರರ ಗೆಲವೂ ತಮಗೆ ಬೇಡ ಎಂದೂ ಅದು ಹೇಳುತ್ತದೆ. ಚರಿತ್ರೆಯ ವಿದ್ಯಾರ್ಥಿ ಜೀವಮಾನವೆಲ್ಲ ಪತ್ರಾಗಾರಗಳಲ್ಲಿ ಧೂಳು ಹೊಡೆದರೂ ಇಂತಹ ದಾಖಲೆ ಸಿಕ್ಕುವುದು ಅಪರೂಪ. ಒಂದು ದೇಶದ ಗತಿಯನ್ನೇ ಬದಲಿಸಬಲ್ಲ ಕಾಗದ ಇದು. ಆಟಗಾರನು ಇದನ್ನು ಏನು ಮಾಡಬಹುದು? ಓದಿ ಚೀಲದಲ್ಲಿಟ್ಟುಕೊಳ್ಳಬಹುದು. ಉಲ್ಫ್ರಿಕ್‌ನ ಮುಂದೆ ಇದನ್ನಿಟ್ಟು ಕೇಳುವಂತಿಲ್ಲ. ಸಾಮ್ರಾಜ್ಯದ ಸೇನಾನಿ ಟುಲಿಯಸ್‌ಗೆ ತೋರಿಸುವಂತಿಲ್ಲ. ಬೀದಿಯಲ್ಲಿ ಓದಿ ಸಾರುವಂತೆಯೂ ಇಲ್ಲ.

ಇದು ಮರೆವಿನಿಂದಾದ ಸಣ್ಣ ಲೋಪವಲ್ಲ. ಅಂತರ್ಯುದ್ಧ ಇನ್ನೂ ಮುಗಿಯದಿದ್ದಲ್ಲಿ, ಕಥೆ ಮುಂದುವರಿದಂತೆ ಬೆಟ್ಟದ ಮೇಲಣ ಆಶ್ರಮವೊಂದರಲ್ಲಿ ಉಭಯಪಕ್ಷಗಳ ಸಂಧಾನಸಭೆ ಸೇರುತ್ತದೆ. ಇಡೀ ಆಟದಲ್ಲಿ ರಾಜಕಾರಣ ರಾಜಕಾರಣದಂತೆ ನಡೆಯುವ ಸನ್ನಿವೇಶ ಇದೊಂದೇ. ಯಾವ ನಗರವನ್ನು ಬಿಟ್ಟು ಯಾವ ನಗರವನ್ನು ಪಡೆಯುವುದು ಎಂದು ಚೌಕಾಸಿ ನಡೆಯುತ್ತದೆ; ಆಟಗಾರನ ಮಾತಿಗೆ ಬೆಲೆಯಿದೆ; ಒಂದು ಪಕ್ಷಕ್ಕೆ ಒಲಿದರೆ ಮತ್ತೊಂದು ಪಕ್ಷ ಮುನಿಯುತ್ತದೆ. ನಾವು ಈ ಭಾಗವನ್ನು ಉತ್ಸಾಹದಿಂದ ಆಡಿದೆವೆಂದು ಹೇಳಲು ಸಂಕೋಚವಿಲ್ಲ. ಆ ಮೇಜಿನ ಸುತ್ತ ಉಲ್ಫ್ರಿಕ್ ಕುಳಿತಿದ್ದಾನೆ, ಟುಲಿಯಸ್ ಕುಳಿತಿದ್ದಾನೆ, ಥಾಲ್ಮೋರ್ ರಾಯಭಾರಿ ಎಲೆನ್ವೆನ್ ಸಹ ಬಂದಿದ್ದಾಳೆ. ಅವಳ ಕೋಣೆಯಿಂದಲೇ ತೆಗೆದ ಕಡತ ಆಟಗಾರನ ಚೀಲದಲ್ಲಿರಬಹುದು. ಅದನ್ನು ಹೊರತೆಗೆಯುವ ಮಾತು ಅವನ ಬಾಯಿಗೆ ಕೊಟ್ಟಿಲ್ಲ. ಇಲ್ಲಿ ತಲೆದೋರುವ ನಿರಾಶೆಯನ್ನು ತಾಳ್ಮೆಯ ಕೊರತೆಯೆನ್ನಲು ಸಾಧ್ಯವೆ?

ಇನ್ನೊಂದು ಪ್ರಸಂಗ. ಕೊಲೆಗಡುಕರ ಸಂಘವೊಂದನ್ನು ಸೇರಿದ ಆಟಗಾರನು ಕಡೆಗೆ ಸಾಲಿಟ್ಯೂಡ್ ನಗರದ ಬಳಿ ಲಂಗರು ಹಾಕಿದ ಹಡಗಿನೊಳಗೆ ಚಕ್ರವರ್ತಿಯಾದ ಎರಡನೆಯ ಟೈಟಸ್ ಮೀಡ್‌ನನ್ನೇ ಕೊಲ್ಲುತ್ತಾನೆ. ಮಹಾಯುದ್ಧವನ್ನು ನಡೆಸಿದವನು ಈತ, ಕೌಲನ್ನು ಒಪ್ಪಿದವನು ಈತ, ಯಾರ ವಿರುದ್ಧ ದಂಗೆಯೆದ್ದಿದೆಯೋ ಆ ದೊರೆ ಈತ. ಇವನ ಸಾವಿನಿಂದ ಅಂತರ್ಯುದ್ಧದ ಗತಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗುವುದಿಲ್ಲ. ಕಾವಲುಗಾರರ ಬಾಯಲ್ಲಿ ಒಂದೆರಡು ಮಾತು ಕೇಳಿಬಂದರೆ ಅದೇ ಹೆಚ್ಚು. ಚಕ್ರವರ್ತಿಯ ರಕ್ತ ಕೈಯಲ್ಲಿ ಆರುವ ಮೊದಲೇ ಅದೇ ಆಟಗಾರನು ಸಾಮ್ರಾಜ್ಯದ ಸೇನೆಗೆ ಸೇರಿ ನಿಷ್ಠೆಯ ಪ್ರತಿಜ್ಞೆ ಮಾಡಬಹುದು.

ಘಟನೆಯೊಂದು ಲೋಕದಲ್ಲಿ ಬೇರೂರುವುದೆಂದರೇನು ಎಂಬುದನ್ನು ಸ್ಪಷ್ಟಪಡಿಸಲು, ನಮ್ಮ ವಾಚಕರಿಗೆ ಪರಿಚಿತವಾದ ಆತಕೂರಿನ ಶಾಸನವನ್ನು ನೆನೆಯಬಹುದು. ಕ್ರಿ.ಶ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಹೋರಾಡಿದನು; ಚೋಳರ ರಾಜಾದಿತ್ಯನು ಮಡಿದನು. ಬೂತುಗನ ಬಂಟನಾದ ಮಣಲೆರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ಬೇಟೆಯ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ಎಂಬ ಕಟ್ಟೂ ಏರ್ಪಟ್ಟಿತು. ಸಾಮ್ರಾಟರ ಯುದ್ಧ, ಬಂಟನ ಬಹುಮಾನ, ನಾಯಿಯ ಸಾವು, ಪೂಜಾರಿಯ ಊಟ — ಇವೆಲ್ಲ ಒಂದೇ ಸರಪಣಿಯ ಕೊಂಡಿಗಳು. ಒಂದು ನಾಯಿಯ ಸಾವು ಊರಿನ ನಿತ್ಯಜೀವನವನ್ನು ಇಷ್ಟರಮಟ್ಟಿಗೆ ತಟ್ಟಿತು. ಸ್ಕೈರಿಮ್‌ನಲ್ಲಿ ಚಕ್ರವರ್ತಿಯ ಕೊಲೆ ಯಾರ ಊಟವನ್ನೂ ಕೆಡಿಸುವುದಿಲ್ಲ.

ಅಂತರ್ಯುದ್ಧದ ಕಡೆಯಲ್ಲೂ ಹೀಗೆಯೇ. ಯಾವುದೋ ಒಂದು ಪಕ್ಷ ಗೆಲ್ಲುತ್ತದೆ. ಕೆಲವು ನಗರಗಳ ಮಾಂಡಲಿಕರು ಬದಲಾಗುತ್ತಾರೆ. ದಂಗೆಕೋರರು ಗೆದ್ದರೆ ವೈಟ್‌ರನ್ ನಗರದಲ್ಲಿ ಬಾಲ್ಗ್ರೂಫ್‌ನ ಸ್ಥಾನಕ್ಕೆ ವಿಗ್ನಾರ್ ಗ್ರೇಮೇನ್ ಬರುತ್ತಾನೆ. ಕಾವಲುಗಾರರ ಉಡುಪು ಬದಲಾಗುತ್ತದೆ, ಕೆಲವು ಗೋಡೆಗಳು ಮುರಿದಿರುತ್ತವೆ. ಆದರೆ ಯಾವ ಪ್ರಶ್ನೆಗಾಗಿ ಇಷ್ಟೆಲ್ಲ ರಕ್ತ ಹರಿಯಿತೋ, ನಾಡಿನ ಹಿರಿಯರಸ ಯಾರು ಎಂಬ ಆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮಾಂಡಲಿಕರ ಸಭೆ ಸೇರಿ ಅರಸನನ್ನು ಆರಿಸಲಿ ಎಂದು ಗೆದ್ದ ಉಲ್ಫ್ರಿಕ್‌ನೇ ಹೇಳುತ್ತಾನೆ. ಆ ಸಭೆ ಎಂದೂ ಸೇರುವುದಿಲ್ಲ. ಸೋತವರ ಪಾಳೆಯಗಳು ಅಲ್ಲಲ್ಲಿ ಕಾಡಿನಲ್ಲಿ ಹಾಗೆಯೇ ಬೀಡುಬಿಟ್ಟಿರುತ್ತವೆ.

ಪದವಿಗಳ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ವಿಂಟರ್‌ಹೋಲ್ಡ್ ಎಂಬಲ್ಲಿ ಮಂತ್ರವಿದ್ಯೆಯ ಮಹಾವಿದ್ಯಾಲಯವಿದೆ. ಬಾಗಿಲಲ್ಲಿ ಒಂದು ಮಂತ್ರವನ್ನು ಪ್ರಯೋಗಿಸಿ ತೋರಿಸಿದರೆ ಪ್ರವೇಶ. ಅನಂತರ ಬಹುಮಟ್ಟಿಗೆ ಕೊಡಲಿಯನ್ನೇ ನಂಬಿ ನಡೆದವನೂ ಕೆಲವು ಸಾಹಸಗಳ ಕೊನೆಗೆ ಅದರ ಕುಲಪತಿಯಾಗುತ್ತಾನೆ. ಫಲವಾಗಿ ಒಂದು ನಿಲುವಂಗಿ, ಒಂದು ವಸತಿ. ಪಾಠವಿಲ್ಲ, ಆಡಳಿತವಿಲ್ಲ, ಸಭೆಗಳಿಲ್ಲ. ವಿಶ್ವವಿದ್ಯಾಲಯದವರಾದ ನಮಗೆ ಈ ಕೊನೆಯ ಅಂಶ ಅಸೂಯೆ ಹುಟ್ಟಿಸುವಂಥದೇ ಸರಿ. ಆದರೆ ಹೊಣೆಯಿಲ್ಲದ ಪದವಿ ಅಲಂಕಾರವಷ್ಟೆ.

ಹೀಗೇಕಾಯಿತು? ನಿರ್ಮಾಪಕರಿಗೆ ಪ್ರತಿಭೆ ಸಾಲದೆ ಅಲ್ಲ. ಅವರು ಮುನ್ನವೇ ಕೊಟ್ಟುಕೊಂಡ ಒಂದು ವಚನದಿಂದ. ಆಟಗಾರನಿಗೆ ಯಾವುದನ್ನೂ ಇಲ್ಲವೆನ್ನಬಾರದು, ಆಟ ಎಂದಿಗೂ ಮುಗಿಯಬಾರದು ಎಂಬುದೇ ಆ ವಚನ. ಸಣ್ಣಪುಟ್ಟ ಕಾರ್ಯಗಳನ್ನು ಯಂತ್ರವೇ ಕೊನೆಯಿಲ್ಲದೆ ಹೆಣೆದುಕೊಡುವ ವ್ಯವಸ್ಥೆಯನ್ನು ಇದಕ್ಕಾಗಿಯೇ ಅಳವಡಿಸಿದರು. ಕಥೆಗೆ ಅಗತ್ಯವೆನಿಸಿದ ಪಾತ್ರಗಳು ಸಾಯುವುದಿಲ್ಲ; ಎಷ್ಟು ಹೊಡೆದರೂ ಮಂಡಿಯೂರಿ, ಮತ್ತೆ ಏಳುತ್ತವೆ. ಲೋಕವನ್ನು ನುಂಗಲು ಬಂದ ಆಲ್ಡುಯಿನ್ ಕೂಡ, ಆಟಗಾರನು ಹೂ ಬಿಡಿಸುತ್ತ ವರ್ಷಗಟ್ಟಲೆ ಅಲೆದರೂ ಕಾಯುತ್ತಾನೆ. ಎಲ್ಲ ಬಾಗಿಲುಗಳೂ ಸದಾ ತೆರೆದಿರಬೇಕಾದರೆ ಯಾವ ಕೆಲಸವೂ ಯಾವ ಬಾಗಿಲನ್ನೂ ಮುಚ್ಚಕೂಡದು. ಮುಚ್ಚುವುದಿಲ್ಲವೆಂದಾದ ಮೇಲೆ ಆಯ್ಕೆಗೆ ಅರ್ಥವೆಲ್ಲಿ? ಇದರ ಜೊತೆಗೆ ತಾಂತ್ರಿಕವಾದ ಕಾರಣವೂ ಒಂದುಂಟು. ಇಲ್ಲಿ ಪ್ರತಿಯೊಂದು ಮಾತನ್ನೂ ನಟರಿಂದ ಆಡಿಸಿ ಧ್ವನಿಮುದ್ರಿಸಬೇಕು; ಪ್ರತಿಯೊಂದು ಪರಿಣಾಮಕ್ಕೂ ಹೊಸ ಮಾತು ಬೇಕು, ಹೊಸ ಮಾತಿಗೆ ಹೊಸ ವೆಚ್ಚ.

ಇದೇ ಸಂಸ್ಥೆಯ 2002ರ ‘ಮೊರೊವಿಂಡ್’ ಎಂಬ ಆಟದೊಡನೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿ ಸಂಭಾಷಣೆ ಬಹುಪಾಲು ಬರಹದಲ್ಲಿದೆ. ದಾರಿ ತೋರುವ ಬಾಣವಿಲ್ಲ; ಸೇತುವೆ ದಾಟಿ ಎಡಕ್ಕೆ ತಿರುಗು ಎಂಬಂತಹ ಮಾತನ್ನು ನಂಬಿ ನಡೆಯಬೇಕು. ನೆರೆವಾರ್ ಎಂಬ ಪುರಾತನ ವೀರ ಹೇಗೆ ಸತ್ತನೆಂಬ ಪ್ರಶ್ನೆಗೆ ದೇವಾಲಯದವರು ಒಂದು ಕತೆ ಹೇಳುತ್ತಾರೆ, ಬೂದಿನಾಡಿನ ಅಲೆಮಾರಿಗಳು ಮತ್ತೊಂದು ಹೇಳುತ್ತಾರೆ. ಆಟಗಾರನು ತಾನೇ ನೆರೆವಾರ್‌ನ ಪುನರ್ಜನ್ಮವೆಂದು ಸಾಧಿಸಿಕೊಳ್ಳಬೇಕಾದ್ದರಿಂದ, ಈ ಆಕರಭೇದ ಅವನ ಪಾಲಿಗೆ ಒಣಪಾಂಡಿತ್ಯವಾಗಿ ಉಳಿಯುವುದಿಲ್ಲ. ಮುಖ್ಯ ಪಾತ್ರವೊಂದನ್ನು ಕೊಂದರೆ, ವಿಧಿಯ ಎಳೆ ಹರಿಯಿತೆಂದು ಆಟ ಎಚ್ಚರಿಸಿ, ಬೇಕಾದರೆ ಹಾಳಾದ ಈ ಲೋಕದಲ್ಲೇ ಮುಂದುವರಿ ಎಂದು ಬಿಟ್ಟುಬಿಡುತ್ತದೆ. ಆ ಆಟದ ಜನರೂ ಬೊಂಬೆಗಳಂತೆ ನಿಂತಲ್ಲೇ ನಿಂತಿರುತ್ತಾರೆ, ನಿಜ. ಆದರೆ ಅವರ ಮುಂದೆ ನಿಂತ ಆಟಗಾರನಿಗೆ ತಪ್ಪುಮಾಡುವ ಅಧಿಕಾರವಿದೆ. ಆಬ್ಸಿಡಿಯನ್ ಸಂಸ್ಥೆಯ ‘ಫಾಲ್‌ಔಟ್: ನ್ಯೂ ವೇಗಾಸ್’ (2010) ಇನ್ನೊಂದು ಮಾರ್ಗ ಹಿಡಿಯಿತು. ಹೂವರ್ ಅಣೆಕಟ್ಟಿನ ಯುದ್ಧದೊಡನೆ ಅದು ಆಟವನ್ನೇ ನಿಲ್ಲಿಸಿ, ಆಟಗಾರನ ನಡೆಗಳಿಂದ ಯಾವ ಊರು ಏನಾಯಿತೆಂದು ಒಂದೊಂದಾಗಿ ಹೇಳುತ್ತದೆ. ಮುಗಿಯಲೊಪ್ಪಿದ್ದರಿಂದಲೇ ಅದಕ್ಕೆ ಪರಿಣಾಮವನ್ನು ಕಾಣಿಸುವುದು ಸಾಧ್ಯವಾಯಿತು.

ಇಷ್ಟಕ್ಕೆ ಅಭಿಮಾನಿಗಳು ಒಂದು ಉತ್ತರ ಕೊಡುವರು, ಅದು ಹಗುರವಾದುದಲ್ಲ. ಸ್ಕೈರಿಮ್ ಚರಿತ್ರೆ ಬರೆಯುವ ಆಟವಲ್ಲ, ಅಲೆದಾಟದ ಆಟ. ಮಂಜು ಮುಸುಕಿದ ಕಣಿವೆಯನ್ನು ಇಳಿದು, ಜೆರೆಮಿ ಸೋಲ್ ಅವರ ಸಂಗೀತವನ್ನು ಕೇಳುತ್ತ, ರಾತ್ರಿಯ ಆಗಸದಲ್ಲಿ ಬಣ್ಣದ ಬೆಳಕು ಆಡುವುದನ್ನು ನೋಡುವುದೇ ಅದರ ಫಲ. ಹೊಣೆಯ ಭಾರವನ್ನು ಇಳಿಸಲೆಂದು ಬಂದವನಿಗೆ ಮತ್ತೆ ಹೊಣೆ ಹೊರಿಸುವುದೇಕೆ ಎನ್ನುವರು. ಈ ಸುಖವನ್ನು ನಾವೂ ಅನುಭವಿಸಿದ್ದೇವೆ, ಅಲ್ಲಗಳೆಯಲಾರೆವು. ಯಾತ್ರಿಕನಾಗಿ ಬಂದವನಿಗೆ ಈ ನಾಡು ಏನನ್ನೂ ಬಾಕಿಯಿರಿಸಿಲ್ಲ. ಆದರೆ ಆಟವೇ ಬೇರೆ ಕರೆ ಕೊಟ್ಟಿದೆಯಲ್ಲ! ಕತ್ತಿಯ ಕೆಳಗೆ ತಲೆಯೊಡ್ಡಿಸಿ ಕಥೆ ಆರಂಭಿಸಿದ್ದು ಅದು. ಯಾವ ಪಕ್ಷ, ಯಾವ ದೈವ, ಯಾವ ಅರಸು ಎಂದು ಕೇಳಿದ್ದು ಅದು. ಆ ಪ್ರಶ್ನೆಗಳನ್ನು ಕಿವಿಯ ಮೇಲೆ ಹಾಕಿಕೊಳ್ಳದವನು ಸುಖಿಯಾಗಿ ಬೆಟ್ಟ ಹತ್ತುತ್ತಾನೆ. ಅವನ್ನು ನಿಜವೆಂದು ನಂಬಿ ಉತ್ತರಕೊಡಲು ಹೊರಟವನು, ಉತ್ತರ ಕೇಳುವವರು ಯಾರೂ ಇಲ್ಲದೆ, ಆಟವನ್ನು ಬದಿಗಿಡುತ್ತಾನೆ. ಇಬ್ಬರಲ್ಲಿ ಕೃತಿಯ ಮಾತನ್ನು ಹೆಚ್ಚು ಗೌರವಿಸಿದವನು ಎರಡನೆಯವನೇ. ಅವನ ಬೇಸರವನ್ನು ಅರಸಿಕತೆಯೆಂದು ತಳ್ಳಿಹಾಕುವುದು ಅನ್ಯಾಯ. ಅದೊಂದು ವಿಮರ್ಶೆ, ಬರೆಯದೆ ಬಿಟ್ಟ ವಿಮರ್ಶೆ.

ಈ ಅತೃಪ್ತಿ ಕೆಲವರ ಮನಸ್ಸಿನ ಭ್ರಮೆಯಲ್ಲವೆಂಬುದಕ್ಕೆ ಆಟಗಾರರ ಕೆಲಸವೇ ಸಾಕ್ಷಿ ನುಡಿಯುತ್ತದೆ. 2012ರ ಫೆಬ್ರವರಿಯಲ್ಲಿ ಸಂಸ್ಥೆಯು ಆಟವನ್ನು ತಿದ್ದುವ ಉಪಕರಣವನ್ನು ಸಾರ್ವಜನಿಕರಿಗೆ ಕೊಟ್ಟಿತು. ಕುದುರೆ, ಕವಚ, ಕೂದಲು ಇವುಗಳನ್ನು ಅಂದಗೊಳಿಸುವ ಸಾವಿರಾರು ತಿದ್ದುಪಡಿಗಳು ಹೊರಬಂದುವು, ಅವನ್ನಿಲ್ಲಿ ಎಣಿಸಬೇಕಾಗಿಲ್ಲ. ಅವುಗಳ ನಡುವೆ ಕೆಲವರು ಆಟದ ಕಡತಗಳನ್ನು ಶೋಧಿಸಿ, ಅಂತರ್ಯುದ್ಧಕ್ಕಾಗಿ ನಿರ್ಮಾಪಕರು ಯೋಚಿಸಿ ಅರ್ಧಕ್ಕೆ ಕೈಬಿಟ್ಟ ಭಾಗಗಳ ಕುರುಹುಗಳನ್ನು ಕಂಡುಹಿಡಿದರು. ಆ ತುಣುಕುಗಳನ್ನು ಕೂಡಿಸಿ, ನಗರಗಳಿಗಾಗಿ ನಿಜವಾಗಿ ಕಾಳಗ ನಡೆಯುವಂತೆಯೂ, ಆಟಗಾರನ ಪಕ್ಷ ಸೋಲುವುದೂ ಸಾಧ್ಯವಾಗುವಂತೆಯೂ ಅವರು ಯುದ್ಧವನ್ನು ಮರಳಿ ಕಟ್ಟಿದರು. ಒಡೆದ ಶಾಸನದ ಚೂರುಗಳನ್ನು ಜೋಡಿಸಿ ಓದುವವರ ಶ್ರಮದಂತಹುದೇ ಅದು. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ, ಸೋಲುವ ಅವಕಾಶಕ್ಕಾಗಿ ಮಾಡಿದ ಕೆಲಸ.